ಎಡಗಡೆ ಬ್ರೇಕ್ ಇಲ್ಲದ ಗಾಡಿ

ಗೋಕುಲ ರೋಡಿನ ಷೋರೂಮಿನಾಗ
ಎ.ಸಿ. ಗಾಳಿಗೆ ಕುಂತ ಹುಡುಗ
ಕಂಪ್ಯೂಟರಿನಾಗ ನನ್ನ ಗಾಡಿ ಹುಡುಕಿ
ಸಿಗಲಿಲ್ಲ ಮೇಡಂ, ಅಂದ.
ಹೊರಗ ಬಿಸಲಾಗ ನಿಂತದಲ್ಲಪಾ, ಕಿಡಕ್ಯಾಗ ನೋಡು.
ಎದ್ದು ನೋಡಿದ. ಬಂದು ಮತ್ತ ಕಂಪ್ಯೂಟರ್ ನೋಡಿದ.
ಇಲ್ಲ ಮೇಡಂ.

ಎರಡ ಸೀಟು. ಫೈಬರಿನ ಮೈ. ಬಿಚ್ಚಿದ್ರ ಮ್ಯಾಲೆ ಆಕಾಶ.
ಗೋವಾದಾಂವ ಮಾರಿದಾಗ ಕೆಂಪಿತ್ತು,
ಈಗ ಎರಡ ವರ್ಷದ ಹಿಂದಿನ ಬ್ಯಾಡಗಿ ಮೆಣಸಿನಕಾಯಿ.
ಎಂಜಿನ್ ಬ್ಲಾಕಿಗೆ ಸೀಳು ಬಿದ್ದು
ಕುಂದಗೋಳ ಕ್ರಾಸಿನಾಗ ಎಣ್ಣಿ ಕಾರಿ ಮಲಗಿತ್ತು.

ಎಂಜಿನ್ ಬದಲಿ ಮಾಡವ್ರು ಯಾರದಾರ್ರಿ?

ಕಾರವಾರ ರೋಡಿನಾಂವ: ಗುಜರಿಗೆ ಹಾಕ್ರಿ, ತೂಕಕ್ಕ ಒಳ್ಳೇ ರೇಟ್ ಅದ.
ಆಮ್ಯಾಲೆ ಬೆರಳಿಲೆ ತಟ್ಟಿ,
ಫೈಬರ್ ಏನ್ರಿ? ಹಂಗಾದ್ರ ತೂಕನೂ ಇಲ್ಲ.
ಹಳೇ ಹುಬ್ಬಳ್ಳಿಯಾಂವ ನನ್ನ ಹಿಂದ ಇಣಿಕಿ
ಸಾಹೇಬ್ರು ಬರಲಿಲ್ಲೇನ್ರಿ, ಅಂದ.
ಯಾವ ಸಾಹೇಬ್ರು, ಅಂದೆ. ಅಂವಗೂ ಗೊತ್ತಿರಲಿಲ್ಲ.
ಉಣಕಲ್ಲಿನಾಂವ ಹ್ಞೂಂ ಅಂದು ಅಡ್ವಾನ್ಸ್ ತಗೊಂಡ.
ಮೂರು ತಿಂಗಳು ನನ್ನ ಬಾನೆಟ್ಟಿನ ಮ್ಯಾಲೆ
ಅವನ ಹುಡುಗರು ಊಟದ ಡಬ್ಬಿ ಬಿಚ್ಚಿದರು.

ನಾ ಏನ್ ಹೇಳಲಿ ಇವರಿಗೆ.
ಇಪ್ಪತ್ತೆರಡು ವರ್ಷ ಧಾರವಾಡದಾಗ
ಮಂದಿಗೆ ಗಾಡಿ ಕಲಿಸೇನಿ.
ಎಡಗಡೆ ಸೀಟು, ನನ್ನ ಕಾಲ ಕೆಳಗ ಇನ್ನೊಂದು ಬ್ರೇಕು.
ಪ್ರೊಫೆಸರರು, ಮದುವಿ ಗೊತ್ತಾದ ಹುಡುಗ್ಯಾರು,
ರಿಟೈರಾದ ತಹಶೀಲ್ದಾರರು,
ಎಲ್ಲಾರ ತಪ್ಪೂ ನನ್ನ ಬಲಗಾಲಿಗೆ ಮೊದಲು ತಿಳೀತಿತ್ತು.
ರಾತ್ರಿ ನಿದ್ದ್ಯಾಗೂ ಹಾಸಿಗಿ ಒದೀತಿದ್ದೆ.
ಈ ಗಾಡ್ಯಾಗ ಅಲ್ಲಿ ಬ್ರೇಕ್ ಇಲ್ಲ. ಅಷ್ಟ.

ತಾರಿಹಾಳದ ಹಿಂದಿನ ಓಣ್ಯಾಗ ಬೋರ್ಡ್ ಇಲ್ಲದ ಶೆಡ್ಡು.
ಹಜರೇಸಾಬ ಮಿಸ್ತ್ರಿ ಚಾ ಕುಡ್ಯಾಕತ್ತಿದ್ದ. ಏಳಲಿಲ್ಲ.
ಅಲ್ಲಿಂದನ ಅಂದ: ಮುಂದಿನ ಸ್ಪ್ರಿಂಗ್ ಕುಂತಾವಲ್ರಿ.
ಹೆಂಗ ಗೊತ್ತಾತು?
ಟೆಂಪೋದಿಂದ ಇಳಸೂವಾಗ ಮೂಗು ಊರಿತು.

ಬಾನೆಟ್ ಎತ್ತಿ, ಟೇಪು ಬಿಟ್ಟು, ಗೇಣಿಲೆ ಅಳದ.
ಎರಡು ಗೇಣು, ನಾಕು ಬೆರಳು.
ಹಾರ್ಟ್ ಆಪರೇಶನ್ ಇದ್ದಂಗಲ್ರಿ, ಅಂದೆ,
ದಾರಿ ತುಂಬ ಕಟಗೊಂಡು ಬಂದ ಮಾತು.
ಅಲ್ಲ, ಅಂದ. ಎದಿ ಅಲ್ರಿ ಇದು, ಹೊಟ್ಟಿ.
ಬ್ಯಾರೆ ಹೊಟ್ಟಿ ಇಟ್ರ ಬ್ಯಾರೆ ಹಸಿವು.
ಬ್ರೇಕು, ಆಕ್ಸಲ್ಲು, ರೇಡಿಯೇಟರ್ರು
ಎಲ್ಲಾ ಆ ಹಸಿವಿಗೆ ಒಗ್ಗಬೇಕು.
ಖರ್ಚು ಎಂಜಿನ್ನಿಗಲ್ಲ, ಒಗ್ಗಸೂದಕ್ಕ.

ಗದಗಿನ ನೋಟರಿಯೊಬ್ಬರ ಎಸ್ಟೀಮು,
ಹಿಂದಿನಿಂದ ಲಾರಿ ಗುದ್ದಿದ್ದು,
ಗುಜರ್ಯಾಗ ಸಿಕ್ಕಿತು ಅದರ ಎಂಜಿನ್.
ಇಪ್ಪತ್ತು ವರ್ಷ ಮನಿಯಿಂದ ಕೋರ್ಟಿಗೆ, ಕೋರ್ಟಿನಿಂದ ಮನಿಗೆ,
ನಲವತ್ತರ ಮ್ಯಾಲೆ ಹೋಗಿರದ ಜೀವ.
ಮಿಸ್ತ್ರಿ ಚಾಕಪೀಸಿಲೆ ಅದರ ಮ್ಯಾಲೆ ಬರದ:
ನೀಲಾಂಬಿಕಾ ಟೀಚರ, ಎರಡ ಸೀಟು.
ಲೇತಿನ ಮೌನೇಶ ಮಾಡಿದ ಮೌಂಟು ಎರಡ ಸಲ ತಪ್ಪಿದವು.
ಮೂರನೇದು ಕುಂತಿತು.
ಹೊಸ ಎಂಜಿನ್ ನಂಬರ್ ಬರಸಾಕ
ಆರ್‌ಟಿಓಗೆ ಐದು ಸಲ ಅಡ್ಡ್ಯಾಡಿದ್ದು
ಬ್ಯಾಡ ಬಿಡ್ರಿ.

ಶ್ರಾವಣದ ಸೋಮವಾರ, ಬೆಳಿಗ್ಗೆ ಆರಕ್ಕ,
ಹಜರೇಸಾಬ ಎಡಗಡೆ ಸೀಟಿನಾಗ, ತೊಡಿ ಮ್ಯಾಲೆ ಪಾನಾ ಚೀಲ.
ಬಾಜೂಕ ಚಿಗರಿ ಬಸ್ಸು,
ಒಳಗಿನವರು ಬಗ್ಗಿ ನೋಡಾಕತ್ತಿದ್ರು.
ನವಲೂರ ಇಳಿಜಾರಿನಾಗ
ಪೇರಲ ಬುಟ್ಟಿ ಎತ್ತಿ ನಿಂತ ಹೆಣ್ಣುಮಗಳು ಹಿಂದ ಉಳದಳು.
ನೋಟರಿ ಎಂಜಿನ್ನು ಮೊದಲ ಸಲ ದನಿ ತಗೀತು.
ಎಂಬತ್ತು. ತೊಂಬತ್ತು.
ಮಿಸ್ತ್ರಿ ಏನೂ ಅನ್ನಲಿಲ್ಲ. ಮಾರಿ ಸೀದಾ ಇತ್ತು.

ಓರೆಗಣ್ಣಿಲೆ ಕೆಳಗ ನೋಡಿದೆ.
ಚಪ್ಪಲಿ ಬಿಚ್ಚಿದ ಅವನ ಬಲಗಾಲು
ಬರೇ ನೆಲ ಒತ್ತಾಕತ್ತಿತ್ತು,
ಮತ್ತ ಮತ್ತ.